ರೈಸ್ ಕುಕ್ಕರ್ ಹುಟ್ಟಿದ್ದು ಯಾರಿಗಾಗಿ?

ಕರೆಂಟಿನ ರೈಸ್ ಕುಕ್ಕರ್ ಕೊಳ್ಳುವ ಮಾತು ಬಂದರೆ ನಾವು ಮೊದಲು ಕೇಳುವುದು ಬಿಲ್ ಎಷ್ಟು ಬರುತ್ತದೆ ಎಂದು. ಆದರೆ ಈ ಪಾತ್ರೆ ಹುಟ್ಟಿದ್ದು ಬಿಲ್ ಉಳಿಸಲು ಅಲ್ಲ, ಹೆಂಗಸರ ಹೊತ್ತು ಉಳಿಸಲು.

ಎರಡನೇ ಮಹಾಯುದ್ಧ ಮುಗಿದಿದ್ದ ಕಾಲ. ಜಪಾನಿನ ಮನೆಗಳಲ್ಲಿ ನಮ್ಮ ಮಣ್ಣಿನ ಒಲೆಯಂಥದ್ದೇ 'ಕಮಾಡೊ' ಇತ್ತು. ಹೆಂಗಸರು ನಸುಕಿನಲ್ಲೇ ಎದ್ದು ಬೆಂಕಿ ಹೊತ್ತಿಸಿ, ಅನ್ನ ಬೇಯುವ ತನಕ ಉರಿ ನೋಡುತ್ತಾ ಕೂರಬೇಕು. ತೋಷಿಬಾ ಕಂಪನಿಯ ಶೋಗೊ ಯಮಾಡಾ ವಾಷಿಂಗ್ ಮೆಷಿನ್ ಮಾರಲು ಊರೂರು ತಿರುಗುತ್ತಿದ್ದರು. ಬಟ್ಟೆ ಒಗೆಯುವುದಕ್ಕಿಂತ ಅನ್ನ ಮಾಡುವುದೇ ಕಷ್ಟ ಎಂದರು ಹೆಂಗಸರು.

ಆ ಕೆಲಸ ಯೋಶಿತಾದಾ ಮಿನಾಮಿ ಎಂಬ ಸಣ್ಣ ಕಾರ್ಖಾನೆಯವರ ಪಾಲಿಗೆ ಬಂತು. ಆದರೆ ದಿನವೂ ಅನ್ನ ಬೇಯಿಸಿ, ಶಾಖ ಅಳೆದು ಬರೆದಿಟ್ಟವರು ಅವರ ಹೆಂಡತಿ ಫುಮಿಕೊ. ನೀರು ಕುದಿಯಲು ಶುರುವಾದ ಮೇಲೆ ಸುಮಾರು 20 ನಿಮಿಷ ಬೆಂದರೆ ಅನ್ನ ಹದವಾಗುತ್ತದೆ ಎಂಬ ಲೆಕ್ಕ ಸಿಕ್ಕಿತು.

ಉಪಾಯ ಸರಳ. ಹೊರಗಿನ ಪಾತ್ರೆಗೆ ಒಂದು ಲೋಟ ನೀರು. ಅದು ಇರುವಷ್ಟು ಹೊತ್ತು ಶಾಖ 100 ಡಿಗ್ರಿ ದಾಟದು. ನೀರು ಆರಿದ ಕೂಡಲೇ ಶಾಖ ಏರಿ, ಒಳಗಿನ ಲೋಹದ ಪಟ್ಟಿ ಬಾಗಿ, ಸ್ವಿಚ್ ತಾನಾಗಿಯೇ ಆಫ್. 1955ರ ಡಿಸೆಂಬರಿನಲ್ಲಿ ಇದು ಮಾರುಕಟ್ಟೆಗೆ ಬಂತು. ಬೆಲೆ 3,200 ಯೆನ್, ಅಂದರೆ ಹೊಸದಾಗಿ ಕೆಲಸಕ್ಕೆ ಸೇರಿದ ಪದವೀಧರರ ತಿಂಗಳ ಸಂಬಳದ ಸುಮಾರು ಮೂರನೇ ಒಂದು ಪಾಲು. ಹಾಗಿದ್ದರೂ ಕೆಲವೇ ವರ್ಷಗಳಲ್ಲಿ ಅದು ಮನೆಮಾತಾಯಿತು.

ಈಗ ನಮ್ಮ ಲೆಕ್ಕ. 700 ವಾಟ್ ಕುಕ್ಕರ್ ಅರ್ಧ ಗಂಟೆ ಓಡಿದರೆ 0.35 ಯೂನಿಟ್. ಖರ್ಚು ದೊಡ್ಡದಲ್ಲ. ಆದರೆ ಅಡುಗೆ ಹೊತ್ತಿಗೇ ಕರೆಂಟ್ ಹೋಗುವ ಊರಿನಲ್ಲಿ ಇದೊಂದನ್ನೇ ನಂಬಿ ಕೂರುವಂತಿಲ್ಲ. ಮುದ್ದೆ, ರೊಟ್ಟಿಯೇ ಮುಖ್ಯವಾದ ಮನೆಗೆ ಇದರಿಂದ ಲಾಭ ಕಡಿಮೆ. ಕುಚ್ಚಲಕ್ಕಿಗೆ ನೀರೂ ಹೊತ್ತೂ ಹೆಚ್ಚು ಬೇಕು, ಗಂಜಿಯೂ ಉಳಿಯಬೇಕು; ಅದಕ್ಕೆ ದೊಡ್ಡ ಪಾತ್ರೆಯೇ ಅನುಕೂಲ. ಬೇಳೆ, ತರಕಾರಿ, ಅನ್ನ ಎಲ್ಲಕ್ಕೂ ಒಂದೇ ಸಾಕೆಂದರೆ ವಿಷಲ್ ಕುಕ್ಕರ್ ಮುಂದು.

ಆದರೆ ದಿನಾ ಬೆಳ್ತಿಗೆ ಅನ್ನ ಉಣ್ಣುವ, ಬೆಳಿಗ್ಗೆ ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ಕೂಲಿಗೂ ಹೋಗಬೇಕಾದ ಹೆಂಗಸಿರುವ ಮನೆಯಲ್ಲಿ ಇದು ದುಂದಲ್ಲ. ಅಕ್ಕಿ, ನೀರು ಹಾಕಿ ಸ್ವಿಚ್ ಒತ್ತಿದರೆ ಕಾಯುವ ಕೆಲಸ ತಪ್ಪಿತು. ಆದ್ದರಿಂದ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, ಮನೆಯಲ್ಲಿ ಅನ್ನಕ್ಕಿಡುವವರನ್ನು ಕೇಳೋಣ.