ಪಾಳಿ ಪಟ್ಟಿಯಿಂದ ಹುಟ್ಟಿದ ವೈದ್ಯಶಾಖೆ

ವೈದ್ಯಕೀಯದ ಬಹುತೇಕ ಶಾಖೆಗಳು ಒಂದು ಅಂಗವನ್ನೋ ರೋಗವನ್ನೋ ವಯಸ್ಸನ್ನೋ ಹಿಡಿದು ಬೆಳೆದವು. ತುರ್ತು ಚಿಕಿತ್ಸೆಯ ಶಾಖೆ ಹಾಗಲ್ಲ, ಅದರ ಮೂಲ ಒಂದು ಪಾಳಿ ಪಟ್ಟಿಯಲ್ಲಿದೆ. 1961ರಲ್ಲಿ ಅಮೆರಿಕದ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಆಸ್ಪತ್ರೆಯಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯರು ಸ್ವಂತ ಪ್ರಾಕ್ಟೀಸ್ ಬಿಟ್ಟು, ಇನ್ನೂ ಮೂವರನ್ನು ಜೊತೆಗೆ ಸೇರಿಸಿಕೊಂಡು, ಹಗಲಿರುಳೂ ಸರದಿಯಂತೆ ತುರ್ತು ಕೋಣೆಯನ್ನು ನೋಡಿಕೊಳ್ಳತೊಡಗಿದರು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಆ ಕೋಣೆಗೆಂದೇ ಒಬ್ಬ ವೈದ್ಯ ಸದಾ ಇರುತ್ತಾನೆ ಎಂಬುದಷ್ಟೇ ಹೊಸದು. ಅದಕ್ಕೂ ಮುಂಚೆ ಅಲ್ಲಿ ಸಿಗುತ್ತಿದ್ದವರು ಎಲ್ಲರಿಗಿಂತ ಕಿರಿಯ ಇಂಟರ್ನ್‌ಗಳು, ಇಲ್ಲವೇ ಬೇರೆ ವಿಭಾಗದಿಂದ ಒಲ್ಲದ ಮನಸ್ಸಿನಿಂದ ಬಂದವರು. ಆಸ್ಪತ್ರೆಯ ಹೊರಗಿನ ಸ್ಥಿತಿ ಇನ್ನೂ ಶೋಚನೀಯವಾಗಿತ್ತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 1966ರ ವರದಿಯ ಪ್ರಕಾರ, ಹಿಂದಿನ ವರ್ಷ ಅಪಘಾತಗಳಲ್ಲಿ ಸತ್ತವರು 1,07,000 ಮಂದಿ. ದೇಶದ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧ ಶವಸಂಸ್ಕಾರದ ವ್ಯಾಪಾರಿಗಳ ಕೈಯಲ್ಲಿತ್ತು. ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಬಳಿ ತಾನೆ!

ಪಾಳಿಯ ವೈದ್ಯ ರೋಗಿಗೆ ಅಪರಿಚಿತ, ಹಿಂದುಮುಂದು ತಿಳಿಯದವನು, ಗಂಟೆಯೊಳಗೆ ವಾರ್ಡಿಗೆ ದಾಟಿಸಿ ಮರೆಯುವವನು ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಮನೆವೈದ್ಯ ಎಂದೂ ಅಲ್ಲಿರಲಿಲ್ಲ. ಅಪರಿಚಿತ ಮೊದಲಿನಿಂದಲೂ ಇದ್ದ, ತರಬೇತಿ ಮಾತ್ರ ಇರಲಿಲ್ಲ. ಈ ಶಾಖೆಗೆ ಪ್ರತ್ಯೇಕ ಜ್ಞಾನವೆಂಬುದೇ ಇಲ್ಲ, ಎಲ್ಲವೂ ಬೇರೆ ಶಾಖೆಗಳಿಂದ ತಂದ ಕಡ ಎಂಬ ತಜ್ಞರ ವಾದ ಇನ್ನೂ ಗಟ್ಟಿ. 1977ರಲ್ಲಿ ಅಮೆರಿಕದ ತಜ್ಞಮಂಡಳಿ ಮಾನ್ಯತೆಯನ್ನು ನಿರಾಕರಿಸಿತು ಕೂಡ. ಆದರೆ ಎದೆನೋವೆಂದು ಬಂದವನನ್ನೇ ನೋಡಿ. ನೋವಿನ ಮೂಲ ಹೃದಯವೋ, ಶ್ವಾಸಕೋಶವೋ, ಸೀಳಿದ ಮಹಾಧಮನಿಯೋ, ಬರೀ ಹೊಟ್ಟೆಯುರಿಯೋ ಎಂದು ತೀರ್ಮಾನವಾದ ಮೇಲಷ್ಟೇ ಹೃದ್ರೋಗ ತಜ್ಞನ ವಿದ್ಯೆ ಕೆಲಸಕ್ಕೆ ಬರುವುದು. ಅದಕ್ಕೂ ಮೊದಲು, ರೋಗದ ಹೆಸರು ತಿಳಿಯುವ ಮುನ್ನವೇ, ಇವನ ಜೀವಕ್ಕೆ ಈಗಲೇ ಕುತ್ತು ತರುವುದು ಯಾವುದು ಎಂದು ಅಳೆದು ಕೈಹಾಕಬೇಕು. ಈ ವಿವೇಚನೆಯನ್ನು ಬೇರಾವ ಶಾಖೆಯೂ ಕಸುಬಾಗಿ ಕಲಿಸುತ್ತಿರಲಿಲ್ಲ. 1979ರಲ್ಲಿ ಅದೇ ಮಂಡಳಿ ಇದನ್ನು 23ನೆಯ ತಜ್ಞಶಾಖೆಯಾಗಿ ಒಪ್ಪಿಕೊಂಡಿತು.

ಭಾರತದಲ್ಲಿ ಮೊದಲು ಬಂದದ್ದು ಕಾನೂನು. ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಪೊಲೀಸ್ ಕೇಸೆಂದು ಹತ್ತಿರದ ಆಸ್ಪತ್ರೆ ದೂರದ ಇನ್ನೊಂದಕ್ಕೆ ಸಾಗಹಾಕಿತು, ಅವನು ದಾರಿಯಲ್ಲೇ ಸತ್ತ. ಆ ಸುದ್ದಿಯಿಂದ ಎದ್ದ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸಲು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯನ ಹೊಣೆ ಎಂದಿತು. ಬಾಗಿಲು ತೆರೆಯಿತು, ಒಳಗೆ ಯಾರಿರಬೇಕೆಂಬುದು ಇತ್ಯರ್ಥವಾಗಲಿಲ್ಲ. ಕರ್ನಾಟಕಕ್ಕೆ 108 ಆಂಬುಲೆನ್ಸ್ 2008ರಲ್ಲಿ ಬಂತು. ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ವೈದ್ಯಶಾಸ್ತ್ರವನ್ನು ಸ್ನಾತಕೋತ್ತರ ವಿಷಯವಾಗಿ ಮಾನ್ಯ ಮಾಡಿದ್ದು 2009ರಲ್ಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಗೂ ಈ ವಿಷಯದಲ್ಲಿ ಎಂ.ಡಿ. ಮಾಡಿದವರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಲೆಕ್ಸಾಂಡ್ರಿಯಾದ ಮಿಲ್ಸ್ ಸ್ವತಃ ಸಾಮಾನ್ಯ ವೈದ್ಯ. ಈ ವಿಷಯದ ಮೊದಲ ರೆಸಿಡೆನ್ಸಿ ತರಬೇತಿ ಸಿನ್ಸಿನಾಟಿಯಲ್ಲಿ ಶುರುವಾದದ್ದೇ 1970ರಲ್ಲಿ. ಅಂದರೆ ಕೋಣೆಗೊಬ್ಬ ಕಾಯಂ ವೈದ್ಯ ಮೊದಲು ಬಂದ, ಪದವಿ ಆಮೇಲೆ ಬಂತು.