ಮಾವಿನ ಸಿಪ್ಪೆಯ ಕಾವಲು

ತೊರಪಲ್ಲಿ ಅಗ್ರಹಾರ 1878ರಲ್ಲಿ ರಾಜಾಜಿ ಹುಟ್ಟಿದ ಊರು ಎಂದು ಮಕ್ಕಳಿಗೆ ಹೇಳುತ್ತೇವೆ. ಸುತ್ತಲಿನ ಕೃಷ್ಣಗಿರಿ ಜಿಲ್ಲೆ ಮಾವಿನ ಸೀಮೆ. ಆ ಮಾವಿನ ಚರಿತ್ರೆಯನ್ನೂ ಹೇಳಬೇಕಲ್ಲವೇ?

ತೋಟದಲ್ಲಿ ಚೆನ್ನಾಗಿದ್ದ ಕಾಯಿ ಮಂಡಿಯಲ್ಲಿ ಹಣ್ಣಾಗುತ್ತಲೇ ಕಪ್ಪು ಚುಕ್ಕೆ ಬಂದು ಕೊಳೆಯುತ್ತದೆ. ಹುಲ್ಲು ಸರಿಯಿಲ್ಲ, ಬುಟ್ಟಿ ಸರಿಯಿಲ್ಲ ಎಂದು ಜಗಳ. ನಿಜವಾಗಿ ಬೂಷ್ಟು ಎಷ್ಟೋ ಸಲ ಎಳೆಗಾಯಿಯಲ್ಲೇ ಹೊಕ್ಕಿರುತ್ತದೆ. ಹಾಗಾದರೆ ಅಷ್ಟು ದಿನ ಸುಮ್ಮನಿದ್ದದ್ದೇಕೆ?

1986ರಲ್ಲಿ ಇಸ್ರೇಲಿನ ಡೋವ್ ಪ್ರಸ್ಕಿ ಮತ್ತು ಸಂಗಡಿಗರು ಉತ್ತರ ಕಂಡರು. ಮಾವಿನಕಾಯಿಯ ಸಿಪ್ಪೆಯಲ್ಲಿ ರೆಸಾರ್ಸಿನಾಲ್ ಜಾತಿಯ ಪದಾರ್ಥಗಳಿದ್ದು ಬೂಷ್ಟನ್ನು ತಡೆಯುತ್ತವೆ. ಹಣ್ಣಾಗುತ್ತ ಬಂದಂತೆ ಅವು ಕಡಿಮೆಯಾಗುತ್ತವೆ, ಮಲಗಿದ್ದ ಬೂಷ್ಟು ಏಳುತ್ತದೆ. ಅವರು ನೋಡಿದ್ದು ಆಲ್ಟರ್ನೇರಿಯ ಎಂಬ ಬೂಷ್ಟನ್ನು. ನಮ್ಮ ಕಡೆಯ ಚಿಬ್ಬು ರೋಗದ್ದೂ ಹೀಗೆಯೇ ಅಡಗಿ ಕೂರುತ್ತದೆ.

ಸೊನೆಯಲ್ಲೂ ಇದೇ ಕಾವಲಿದೆ ಎಂದು ಆಮೇಲೆ ಶ್ರೀಲಂಕಾದ ಸಂಶೋಧಕರು ತೋರಿಸಿದರು. ತೊಟ್ಟು ಬಿಟ್ಟು ಕೊಯ್ಯಿರೋ ಎಂದು ಹಿರಿಯರು ಗದರುತ್ತಿದ್ದರು. ಸೊನೆ ತಗುಲಿದರೆ ಸಿಪ್ಪೆ ಸುಡುತ್ತದೆ, ಅದಕ್ಕೇ ಇರಬೇಕು ಎಂದುಕೊಂಡಿದ್ದೆವು. ತೊಟ್ಟು ಮುರಿದಾಗ ಸೊನೆಯ ಜೊತೆ ಕಾಯಿಯ ಮದ್ದೂ ಸೋರಿಹೋಗುತ್ತದೆಂದು ನಮಗೆ ತಿಳಿದಿರಲಿಲ್ಲ. ನಾವೋ, ಕೋಲಿನಲ್ಲಿ ಬಡಿದು ಉದುರಿಸಿದವರು!