ಅರಸನನ್ನು ಕರೆತಂದ ಮನೆತನ

ಯುರೋಪಿನ ಚರಿತ್ರೆಯಲ್ಲಿ ಇಂಗ್ಲೆಂಡು, ಫ್ರಾನ್ಸುಗಳ ದೊರೆಗಳನ್ನು ನೀವು ಓದಿರುತ್ತೀರಿ. ಪಾವಾವೊ ಶುಬಿಚ್‌ನ ಹೆಸರನ್ನು ಬಹುಶಃ ಕೇಳಿರಲಾರಿರಿ. ಆತ ದೊರೆಯಲ್ಲ, ಒಬ್ಬ ಹುಡುಗನನ್ನು ಕರೆತಂದು ದೊರೆಯಾಗುವ ದಾರಿಗೆ ಹಚ್ಚಿದವನು.

ಏಡ್ರಿಯಾಟಿಕ್ ಕಡಲಿಗೆ ಸಮೀಪದ ಬ್ರಿಬಿರ್ ಗುಡ್ಡ ಇವನ ಮನೆತನದ ನೆಲೆ. 1102ರಿಂದ ಕ್ರೊಯೇಷಿಯಾಕ್ಕೆ ಹಂಗೇರಿಯ ಅರಸನೇ ಅರಸ. ಅವನ ಪರವಾಗಿ ಆಳುವ ಅಧಿಕಾರಿಗೆ 'ಬಾನ್' ಎಂದು ಹೆಸರು. ಪಾವಾವೊ ಬಾನ್ ಆದ. ತಮ್ಮಂದಿರಾದ ಯೂರಾಯ್ ಮತ್ತು ಮ್ಲಾದೆನ್ ಕರಾವಳಿಯ ಪಟ್ಟಣಗಳನ್ನು ನೋಡಿಕೊಂಡರು. 1298ರಲ್ಲಿ ಶಿಬೆನಿಕ್ ಪಟ್ಟಣಕ್ಕೆ ಸ್ವಂತ ಬಿಷಪ್ ಪೀಠ ಸಿಕ್ಕಿದ್ದು ಇವನ ಪ್ರಯತ್ನದಿಂದ.

ಹಂಗೇರಿಯ ಸಿಂಹಾಸನಕ್ಕಾಗಿ ಆಗ ಎರಡು ಕಡೆಯವರ ಜಗಳ. ಒಂದೆಡೆ ಮೂರನೆಯ ಆಂಡ್ರೂ, ಇನ್ನೊಂದೆಡೆ ನೇಪಲ್ಸಿನ ಆಂಜು ಮನೆತನ. 1290ರ ದಶಕದಲ್ಲಿ ಇಬ್ಬರೂ ಪೈಪೋಟಿಯಿಂದ ಪಾವಾವೊನಿಗೆ ವಂಶಪಾರಂಪರ್ಯ ಅಧಿಕಾರವನ್ನು ಬರೆದುಕೊಟ್ಟರು. ತಕ್ಕಡಿಯ ಎರಡು ತಟ್ಟೆಗಳೂ ಒಟ್ಟಿಗೆ ತಗ್ಗಲಾರವು ಎಂದು ನಾವು ಭೌತಶಾಸ್ತ್ರದಲ್ಲಿ ಕಲಿತಿದ್ದೇವೆ. ರಾಜಕೀಯದಲ್ಲಿ ತಗ್ಗುತ್ತವೆ!

ಕೊನೆಗೆ ಅವನು ಆರಿಸಿಕೊಂಡದ್ದು ಆಂಜು ಪಕ್ಷವನ್ನು. 1300ರ ಆಗಸ್ಟಿನಲ್ಲಿ ಹನ್ನೆರಡು ವರ್ಷದ ಚಾರ್ಲ್ಸ್ ರಾಬರ್ಟ್ ಹಡಗಿನಿಂದ ಸ್ಪ್ಲಿಟ್ ಬಂದರಿನಲ್ಲಿ ಇಳಿದ. ಶುಬಿಚ್‌ಗಳು ಅವನನ್ನು ಜಾಗ್ರೆಬ್‌ಗೆ ಕರೆದೊಯ್ದರು. ಮುಂದೆ ಅವನೇ ಹಂಗೇರಿಯ ಬಲಿಷ್ಠ ಅರಸನಾದ.

ಪಾವಾವೊ ಬೋಸ್ನಿಯಾದ ಒಡೆಯನೆಂದೂ ಕರೆಸಿಕೊಂಡ. ಅದನ್ನು ಆಳಲು ಕಳಿಸಿದ ತಮ್ಮ ಮ್ಲಾದೆನ್ 1304ರಲ್ಲಿ ಅಲ್ಲೇ ಕೊಲೆಯಾದ. 1312ರಲ್ಲಿ ಪಾವಾವೊ ತೀರಿಕೊಂಡಾಗ ಪಟ್ಟಕ್ಕೆ ಬಂದ ಮಗನ ಹೆಸರೂ ಮ್ಲಾದೆನ್. ಕರಾವಳಿಯ ಪಟ್ಟಣಗಳೂ ಇತರ ಶ್ರೀಮಂತ ಮನೆತನಗಳೂ ಇವನ ವಿರುದ್ಧ ತಿರುಗಿಬಿದ್ದವು. 1322ರಲ್ಲಿ ಬ್ಲಿಸ್ಕಾ ಎಂಬಲ್ಲಿ ಸೋತ. ಆಮೇಲೆ ಚಾರ್ಲ್ಸ್ ರಾಬರ್ಟ್ ಅವನನ್ನು ಸೆರೆಹಿಡಿಸಿ ಹಂಗೇರಿಗೆ ಒಯ್ದ. ಹೌದು, ಅಪ್ಪ ಬಂದರಿನಲ್ಲಿ ಬರಮಾಡಿಕೊಂಡಿದ್ದ ಅದೇ ಹುಡುಗ! ಮ್ಲಾದೆನ್ ಊರಿಗೆ ಮರಳಲಿಲ್ಲ.

ಈ ಮನೆಯ ಹೆಣ್ಣುಮಗಳೊಬ್ಬಳನ್ನು ಮರೆಯಬಾರದು. ಪಾವಾವೊನ ಮೊಮ್ಮಗಳು ಯೆಲೆನಾ ಬೋಸ್ನಿಯಾದ ರಾಜಮನೆತನದ ವ್ಲಾದಿಸ್ಲಾವ್‌ನ ಕೈಹಿಡಿದಳು. ಅವಳ ಮಗ ತ್ವರ್ತ್ಕೊ 1377ರಲ್ಲಿ ಬೋಸ್ನಿಯಾದ ಮೊದಲ ರಾಜನಾಗಿ ಕಿರೀಟ ಧರಿಸಿದ. ಅಜ್ಜ ಕತ್ತಿಯಿಂದ ಉಳಿಸಿಕೊಳ್ಳಲಾಗದ ನಾಡು ಮೊಮ್ಮಗಳ ಮಗನಿಗೆ ಸಿಕ್ಕಿತು.

ಬ್ರಿಬಿರ್ ಶಾಖೆಯವರು 1347ರಲ್ಲಿ ಒಸ್ತ್ರೊವಿತ್ಸಾ ಕೋಟೆಯನ್ನು ಅರಸನಿಗೆ ಬಿಟ್ಟುಕೊಟ್ಟು, ಬದಲಿಗೆ ಒಳನಾಡಿನ ಜ್ರಿನ್ ಕೋಟೆಯನ್ನು ಪಡೆದು 'ಜ್ರಿನ್ಸ್ಕಿ'ಗಳಾದರು. ಇವರಲ್ಲೊಬ್ಬ ನಿಕೋಲಾ 1566ರಲ್ಲಿ ಸುಲೇಮಾನನ ಸೈನ್ಯದೆದುರು ಸಿಗೆತ್ವಾರ್ ಕೋಟೆಯನ್ನು ಕಾಯುತ್ತ ಮಡಿದ. ಪೆತಾರ್ ಜ್ರಿನ್ಸ್ಕಿಯನ್ನು ರಾಜದ್ರೋಹದ ಆಪಾದನೆಯ ಮೇಲೆ 1671ರಲ್ಲಿ ಆಸ್ಟ್ರಿಯಾದಲ್ಲಿ ಶಿರಚ್ಛೇದ ಮಾಡಲಾಯಿತು. ಪೆತಾರನ ಮಗ, ವಂಶದ ಕೊನೆಯ ಗಂಡು, ಸುಮಾರು ಇಪ್ಪತ್ತು ವರ್ಷ ಸೆರೆಯಲ್ಲಿದ್ದು 1703ರಲ್ಲಿ ಗ್ರಾಜ್‌ನಲ್ಲಿ ಸತ್ತ.